ಹಳೆ ಟ್ರ್ಯಾಕ್ಟರಿನಲ್ಲಿ ಹೊಸ ಸದ್ದು: ಇಂಜಿನ್ ಬಿಚ್ಚುವ ಮೊದಲು ಇಷ್ಟು ಮಾಡಿ

ಮುಂಗಾರಿನ ಮೊದಲ ಹದ ಮಳೆ ಬಿದ್ದಿದೆ. ಸ್ವಂತ ಹೊಲ ಹರಗಬೇಕು, ಬಾಡಿಗೆಗೆ ಕರೆಯುವವರೂ ಸಾಲಾಗಿ ಕಾಯುತ್ತಿದ್ದಾರೆ. ಅಂಥ ಹೊತ್ತಿಗೇ ಟ್ರ್ಯಾಕ್ಟರಿನಲ್ಲಿ ನಿನ್ನೆಯವರೆಗೂ ಇರದಿದ್ದ ಒಂದು ಸದ್ದು ಶುರುವಾಗುತ್ತದೆ. ‘ಟ್ಯಾಪೆಟ್ ಇರ್ಬೇಕು ಬಿಡಣ್ಣ’ ಎನ್ನುತ್ತಾನೆ ಡ್ರೈವರ್. ‘ಬೇರಿಂಗ್ ಹೋಗಿದೆ, ಓಡಿಸಬೇಡ’ ಎನ್ನುತ್ತಾರೆ ಪಕ್ಕದ ಹೊಲದವರು. ಗ್ಯಾರೇಜಿಗೆ ಒಯ್ದರೆ ‘ಬಿಚ್ಚಿಯೇ ನೋಡಬೇಕು’ ಎಂಬ ಉತ್ತರ. ಬಿಚ್ಚಿದ ಮೇಲೆ ಗ್ಯಾಸ್ಕೆಟ್ಟು, ರಿಂಗು, ಕೂಲಿ ಎಂದು ಖರ್ಚು ಏರುತ್ತದೆ. ಸದ್ದು ಮಾಡುತ್ತಿದ್ದದ್ದು ಸಡಿಲಾದ ಒಂದು ಪುಲ್ಲಿ ಎಂದು ಆಮೇಲೆ ಗೊತ್ತಾದರೂ ಹೋದ ದುಡ್ಡು ಹೋದಂತೆಯೇ.

ನಮ್ಮ ಹಳ್ಳಿಗಳಲ್ಲಿ ಇಂದಿಗೂ ದುಡಿಯುತ್ತಿರುವ ಹಳೆ ಟ್ರ್ಯಾಕ್ಟರುಗಳ ಬೇರು ಅರವತ್ತು-ಎಪ್ಪತ್ತರ ದಶಕದಲ್ಲಿದೆ. ಮಹೀಂದ್ರಾದವರ ಬಿ-275 ಬಂದದ್ದು ಅರವತ್ತರ ದಶಕದಲ್ಲಿ. ಎಚ್‌ಎಂಟಿ ಪಿಂಜೋರಿನಲ್ಲಿ 1971ರಲ್ಲಿ ಚೆಕೊಸ್ಲೊವಾಕಿಯಾದ ಜೆಟರ್ ತಂತ್ರಜ್ಞಾನದ 2511 ತಯಾರಿಸಲು ಆರಂಭಿಸಿತು. ಆಮೇಲೆ ಸ್ವರಾಜ್ 735, ಮ್ಯಾಸ್ಸಿ 1035ರಂಥ ಮಾದರಿಗಳು ಊರೂರು ಸೇರಿದವು. ಇವುಗಳಲ್ಲಿ ಕಂಪ್ಯೂಟರ್ ಇಲ್ಲ, ದೋಷ ತೋರಿಸುವ ಪರದೆಯಿಲ್ಲ. ಆಯಿಲ್ ಪ್ರೆಶರ್ ಮುಳ್ಳು, ಬಿಸಿ ತೋರಿಸುವ ಮೀಟರ್ ಬಿಟ್ಟರೆ ಓಡಿಸುವವರ ಕಿವಿಯೇ ಗತಿ. ಆ ಕಿವಿಯನ್ನು ಕ್ರಮವಾಗಿ ಬಳಸಿದರೆ ದೋಷ ಯಾವ ಭಾಗದ್ದೆಂದು ಇಂಜಿನ್ ಬಿಚ್ಚದೆ ಬಹಳ ಮಟ್ಟಿಗೆ ಹೇಳಬಹುದು.

‘ಎಲ್ಲಿ’ ಎನ್ನುವ ಮೊದಲು ‘ಯಾವಾಗ’ ಎಂದು ಕೇಳಿ

ಲಾರಿಗೆ ಚಾಸಿ ಇರುತ್ತದೆ. ಇಂಜಿನ್, ಗೇರ್‌ಬಾಕ್ಸ್ ಅದರ ಮೇಲೆ ರಬ್ಬರಿನ ಆಸರೆಯಲ್ಲಿ ಕೂತಿರುತ್ತವೆ. ಹಳೆ ಟ್ರ್ಯಾಕ್ಟರುಗಳಲ್ಲಿ ಹಾಗಿಲ್ಲ. ಇಂಜಿನ್, ಕ್ಲಚ್ ಹೌಸಿಂಗ್, ಗೇರ್‌ಬಾಕ್ಸ್, ಹಿಂದಿನ ಆಕ್ಸಲ್ ಎಲ್ಲವನ್ನೂ ಒಂದಕ್ಕೊಂದು ಬೋಲ್ಟಿನಿಂದ ಬಿಗಿದು ಒಂದೇ ಬೀಡು ಕಬ್ಬಿಣದ ಬೆನ್ನೆಲುಬು ಮಾಡಿರುತ್ತಾರೆ. ಸದ್ದು ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರ್ ಹೋದರೆ ಕಬ್ಬಿಣದಲ್ಲಿ ಅದರ ಹತ್ತು ಪಟ್ಟಿಗೂ ಹೆಚ್ಚು ವೇಗದಲ್ಲಿ ಹರಿಯುತ್ತದೆ. ಹಾಗಾಗಿ ಮುಂದಿನ ಟೈಮಿಂಗ್ ಗೇರಿನ ಕರಕರ ಸೀಟಿನ ಕೆಳಗೆ ಕೇಳಿಸುತ್ತದೆ. ಕ್ಲಚ್ ಹೌಸಿಂಗಿನ ಬಡಿತ ಇಂಜಿನ್ನಿನ ಹೊಟ್ಟೆಯಿಂದ ಬಂದಂತೆ ತೋರುತ್ತದೆ. ಸದ್ದಿನ ಜಾಗ ಕಿವಿಗೆ ಮೋಸ ಮಾಡುತ್ತದೆ.

ಸದ್ದಿನ ಸಮಯ ಅಷ್ಟು ಸುಲಭಕ್ಕೆ ಮೋಸ ಮಾಡುವುದಿಲ್ಲ. ಟ್ರ್ಯಾಕ್ಟರಿನ ಒಂದೊಂದು ಭಾಗವೂ ಒಂದೊಂದು ಲೆಕ್ಕದಲ್ಲಿ ತಿರುಗುತ್ತದೆ:

• ಕ್ರ್ಯಾಂಕ್, ಪಿಸ್ಟನ್, ಫ್ಲೈವೀಲ್ ಇಂಜಿನ್ ತಿರುಗಿದಷ್ಟೂ ತಿರುಗುತ್ತವೆ.
• ಕ್ಯಾಮ್‌ಶಾಫ್ಟ್, ವಾಲ್ವ್, ಡೀಸೆಲ್ ಪಂಪ್ ಅದರ ಅರ್ಧ ವೇಗದಲ್ಲಿ ಕೆಲಸ ಮಾಡುತ್ತವೆ.
• ಗೇರ್‌ಬಾಕ್ಸಿನ ಮುಂದಿನ ಶಾಫ್ಟ್ ಕ್ಲಚ್ ಬಿಟ್ಟಾಗ ತಿರುಗುತ್ತದೆ, ಪೂರ್ತಿ ಒತ್ತಿದಾಗ ನಿಲ್ಲುತ್ತದೆ.
• ಕ್ರೌನ್, ಆಕ್ಸಲ್, ಚಕ್ರದ ಬೇರಿಂಗುಗಳು ಗಾಡಿ ಚಲಿಸಿದಾಗ ಮಾತ್ರ ತಿರುಗುತ್ತವೆ.
• ಪಿಟಿಒ ಮತ್ತು ಅದಕ್ಕೆ ಸಿಕ್ಕಿಸಿದ ಉಪಕರಣ ಲಿವರ್ ಹಾಕಿದಾಗ ಮಾತ್ರ ತಿರುಗುತ್ತವೆ.

ಒಂದೊಂದನ್ನೇ ನಿಲ್ಲಿಸುತ್ತ, ಒಂದೊಂದನ್ನೇ ಸೇರಿಸುತ್ತ ಹೋದರೆ ಸದ್ದು ಯಾವ ಗುಂಪಿನೊಂದಿಗೆ ಹುಟ್ಟಿ ಯಾವ ಗುಂಪಿನೊಂದಿಗೆ ಸಾಯುತ್ತದೆ ಎಂಬುದು ತಿಳಿಯುತ್ತದೆ. ಮುಂದೆ ಹೇಳುವ ಎಲ್ಲ ಹಂತಗಳ ಹಿಂದೆ ಇರುವುದು ಇದೊಂದೇ ಲೆಕ್ಕ.

ಈ ಸದ್ದು ಬಂದರೆ ಪರೀಕ್ಷೆಯೂ ಬೇಡ, ಕೂಡಲೇ ಆಫ್ ಮಾಡಿ

1. ಇಂಜಿನ್ನಿನ ಒಳಗಿಂದ ಭಾರವಾದ ಬಡಿತ, ಜೊತೆಗೆ ಆಯಿಲ್ ಪ್ರೆಶರ್ ಮುಳ್ಳು ಇಳಿದಿದ್ದರೆ ಅಥವಾ ಕೆಂಪು ದೀಪ ಹತ್ತಿದ್ದರೆ. ಇನ್ನು ಹತ್ತು ನಿಮಿಷ ಓಡಿಸಿದರೆ ಬೇರಿಂಗಿನ ಜೊತೆ ಕ್ರ್ಯಾಂಕೂ ಹೋಗಬಹುದು. ಕನೆಕ್ಟಿಂಗ್ ರಾಡ್ ಮುರಿದು ಬ್ಲಾಕನ್ನೇ ಒಡೆಯಬಹುದು.
2. ಇಂಜಿನ್ ಚಾಲೂ ಆದ ಮೇಲೂ ಸ್ಟಾರ್ಟರ್ ಕಡೆಯಿಂದ ‘ಕರ್ರ್’ ಎಂಬ ಸದ್ದು ನಿಲ್ಲದಿದ್ದರೆ. ಸ್ಟಾರ್ಟರಿನ ಪಿನಿಯನ್ ಫ್ಲೈವೀಲಿನ ಹಲ್ಲಿನಲ್ಲೇ ಸಿಕ್ಕಿಕೊಂಡಿದೆ ಎಂದು ಅರ್ಥ.
3. ಗೇರ್‌ಬಾಕ್ಸ್ ಅಥವಾ ಹಿಂದಿನ ಹೌಸಿಂಗಿನಲ್ಲಿ ಕಬ್ಬಿಣದ ತುಂಡು ಅರೆಯುವಂಥ ಸದ್ದು ಬಂದರೆ. ಮುರಿದ ಒಂದು ಹಲ್ಲು ಉಳಿದ ಹಲ್ಲುಗಳ ನಡುವೆ ಸಿಕ್ಕರೆ ಹೌಸಿಂಗ್ ಸೀಳುತ್ತದೆ.

ಇಂಥ ಸ್ಥಿತಿಯಲ್ಲಿ ‘ನಿಧಾನಕ್ಕೆ ಮನೆವರೆಗೂ ಓಡಿಸ್ತೀನಿ’ ಎನ್ನಬೇಡಿ. ಗೇರ್ ನ್ಯೂಟ್ರಲ್ ಮಾಡಿ ಬೇರೆ ಗಾಡಿಯಿಂದ ಎಳೆಸಿಕೊಂಡು ಬರಬಹುದು. ಹಿಂದಿನ ಹೌಸಿಂಗಿನಲ್ಲೇ ದೋಷವಿದ್ದರೆ ಎಳೆಯುವುದೂ ಬೇಡ, ಮೆಕ್ಯಾನಿಕ್ಕನ್ನೇ ಜಾಗಕ್ಕೆ ಕರೆಸಿ.

ಎಚ್ಚರಿಕೆ

• ಪಂಚೆ, ಹೆಗಲ ಟವೆಲು, ಸೀರೆ ಸೆರಗು, ಸಡಿಲ ತೋಳಿನ ಅಂಗಿ ಯಾವುದೂ ಫ್ಯಾನ್ ಬೆಲ್ಟಿನ ಅಥವಾ ಪಿಟಿಒ ಶಾಫ್ಟಿನ ಹತ್ತಿರ ಬರಬಾರದು. ಪಿಟಿಒ ನಿಮಿಷಕ್ಕೆ 540 ಸುತ್ತು ತಿರುಗುತ್ತದೆ, ಅಂದರೆ ಸೆಕೆಂಡಿಗೆ ಒಂಬತ್ತು ಸುತ್ತು. ಬಟ್ಟೆ ಸಿಕ್ಕಿತೆಂದು ತಿಳಿಯುವಷ್ಟರಲ್ಲಿ ಕೈ ಸಿಕ್ಕಿರುತ್ತದೆ.
• ಸಮನಾದ ಬಯಲಿನಲ್ಲಿ ಗಾಡಿ ನಿಲ್ಲಿಸಿ, ಬ್ರೇಕ್ ಲಾಕ್ ಮಾಡಿ, ಚಕ್ರಗಳಿಗೆ ಕಲ್ಲು ಕೊಡಿ. ಮುಚ್ಚಿದ ಶೆಡ್ಡಿನಲ್ಲಿ ಇಂಜಿನ್ ಓಡಿಸಬೇಡಿ. ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯೇ ಇಲ್ಲ.
• ಉಪಕರಣವನ್ನು ನೆಲಕ್ಕೆ ಇಳಿಸಿಯೇ ಕೆಲಸ ಶುರು ಮಾಡಿ. ಬರೀ ಜಾಕಿನ ಮೇಲೆ ನಿಂತ ಟ್ರ್ಯಾಕ್ಟರಿನ ಕೆಳಗೆ ನುಸುಳಬೇಡಿ; ಗಟ್ಟಿ ಮರದ ದಿಮ್ಮಿಯ ಆಸರೆ ಕೊಡಿ.
• ನಾಜಲ್ ಪೈಪಿನಿಂದ ಚಿಮ್ಮುವ ಡೀಸೆಲಿಗೆ ಚರ್ಮ ತೂರಿ ಒಳಹೋಗುವಷ್ಟು ಒತ್ತಡವಿರುತ್ತದೆ. ಸೋರಿಕೆಯನ್ನು ಬೆರಳಿನಿಂದ ಮುಟ್ಟಿ ನೋಡುವ ಅಭ್ಯಾಸ ಬಿಡಿ. ಚರ್ಮದೊಳಗೆ ಡೀಸೆಲ್ ಹೋದರೆ ಗಾಯ ಸೂಜಿ ಚುಚ್ಚಿದಷ್ಟು ಚಿಕ್ಕದಾಗಿ ಕಂಡರೂ ತಡಮಾಡದೆ ಆಸ್ಪತ್ರೆಗೆ ಹೋಗಿ.

ಬೇಕಾಗುವ ಸಾಮಾನು

ಉದ್ದನೆಯ ಸ್ಕ್ರೂ ಡ್ರೈವರ್, ಒಂದು ಮೀಟರ್ ರಬ್ಬರ್ ಪೈಪು, ಪಾನಾ ಸೆಟ್, ಫೀಲರ್ ಗೇಜ್, ಟಾರ್ಚು, ನಿಮ್ಮ ಮಾದರಿಯ ಕೈಪಿಡಿ ಸಾಕು. ಮೊಬೈಲಿನಲ್ಲಿ ಸದ್ದು ರೆಕಾರ್ಡ್ ಮಾಡಿಕೊಳ್ಳುವುದು ತುಂಬ ಉಪಯೋಗಿ. ಗ್ಯಾರೇಜಿಗೆ ಹೋದ ದಿನವೇ ಸದ್ದು ಬಾರದಿದ್ದರೂ ಕೇಳಿಸಲು ಕೈಯಲ್ಲಿ ಸಾಕ್ಷಿ ಇರುತ್ತದೆ.

ಪತ್ತೆಯ ಹಂತಗಳು

1. ಸದ್ದಿನ ಜಾತಕ ಬರೆದುಕೊಳ್ಳಿ

ಬೆಳಿಗ್ಗೆ ತಣ್ಣಗಿದ್ದಾಗ ಬರುತ್ತದೆಯೇ, ಬಿಸಿಯಾದ ಮೇಲೆಯೇ? ಸ್ಲೋನಲ್ಲೋ, ರೇಸ್ ಕೊಟ್ಟಾಗಲೋ, ರೇಸ್ ಬಿಟ್ಟ ಕ್ಷಣಕ್ಕೋ? ಬರಿ ಗಾಡಿಯಲ್ಲೋ, ಲೋಡಿನಲ್ಲೋ? ನೇರ ಹೋಗುವಾಗಲೋ, ತಿರುಗಿಸುವಾಗಲೋ? ಹಾಗೆಯೇ ಅದಕ್ಕೆ ಸ್ವಲ್ಪ ಮುಂಚೆ ಗಾಡಿ ಏನು ಕೆಲಸ ಮಾಡಿತ್ತು, ಯಾವ ರಿಪೇರಿ ಆಗಿತ್ತು ಎಂಬುದನ್ನೂ ಬರೆಯಿರಿ. ಸಿಂಧನೂರು, ಗಂಗಾವತಿ, ದಾವಣಗೆರೆ ಕಡೆಯ ಗದ್ದೆಗಳಲ್ಲಿ ಕೇಜ್ ವೀಲ್ ಹಾಕಿ ಕೆಸರಿನಲ್ಲಿ ದುಡಿದ ಗಾಡಿಯಾದರೆ ಆಕ್ಸಲ್ ಸೀಲಿನ ಮೂಲಕ ನೀರು ಒಳಹೋಗಿರುವ ಸಂಶಯ ಮೊದಲು ಬರಬೇಕು. ಬೆಳಗಾವಿ, ಬಾಗಲಕೋಟೆಯಲ್ಲಿ ಹಂಗಾಮಿನುದ್ದಕ್ಕೂ ಜೋಡಿ ಟ್ರಾಲಿಯಲ್ಲಿ ಕಬ್ಬು ಎಳೆದ ಗಾಡಿಯಾದರೆ ಕ್ಲಚ್ ಮತ್ತು ಕ್ರೌನ್ ಕಡೆ ಮೊದಲು ಕಿವಿ ಕೊಡಿ.

2. ಹಿಂದಿನದನ್ನೆಲ್ಲ ಕಳಚಿ

ಟ್ರಾಲಿ, ರೋಟವೇಟರ್, ಕಲ್ಟಿವೇಟರ್ ಏನೇ ಇದ್ದರೂ ಬಿಡಿಸಿ, ಬರಿ ಟ್ರ್ಯಾಕ್ಟರ್ ಓಡಿಸಿ ನೋಡಿ. ಇಂಜಿನ್ನಿನದೆಂದು ಹೆದರಿದ ಎಷ್ಟೋ ಸದ್ದು ಇಲ್ಲೇ ಮುಗಿಯುತ್ತದೆ. ರೋಟವೇಟರ್ ಎತ್ತಿದಾಗ ಮಾತ್ರ ‘ಕಟಕಟ’ ಎನ್ನುತ್ತಿದ್ದರೆ ಅದು ಪಿಟಿಒ ಶಾಫ್ಟಿನ ಕ್ರಾಸ್. ಉಪಕರಣ ಮೇಲೇರಿದಂತೆ ಶಾಫ್ಟಿನ ಕೋನ ಹೆಚ್ಚುತ್ತದೆ, ಎರಡು ತುದಿಗಳು ಒಂದೇ ಸಮನೆ ತಿರುಗದೆ ಜಗ್ಗಾಡುತ್ತವೆ. ಸಾಲು ಮುಗಿದು ತಿರುಗಿಸುವಾಗ ಪಿಟಿಒ ಬಿಡಿಸುವುದು, ಬೇಕಾದಷ್ಟೇ ಎತ್ತುವುದು, ಕ್ರಾಸಿಗೆ ನಿತ್ಯ ಗ್ರೀಸ್ ಹೊಡೆಯುವುದು ಇದಕ್ಕೆ ಮದ್ದು.

3. ಎಣ್ಣೆ ನೋಡಿ, ನಟ್ಟು ಬಿಗಿ ಮಾಡಿ

ಇಂಜಿನ್ ಆಯಿಲ್ ಗೆರೆಯ ನಡುವೆ ಇದೆಯೇ? ಮೂಸಿದರೆ ಡೀಸೆಲ್ ವಾಸನೆ ಬರುತ್ತದೆಯೇ? ಡೀಸೆಲ್ ಬೆರೆತ ಆಯಿಲ್ ತೆಳುವಾಗಿ ಬೇರಿಂಗನ್ನು ಕಾಯಲಾರದು. ಗೇರ್ ಆಯಿಲ್ ಹಾಲಿನ ಬಣ್ಣಕ್ಕೆ ತಿರುಗಿದ್ದರೆ ನೀರು ಬೆರೆತಿದೆ. ಆಮೇಲೆ ಪಾನಾ ಹಿಡಿದು ಒಂದು ಸುತ್ತು ಬನ್ನಿ. ಸೈಲೆನ್ಸರ್, ಬಾನೆಟ್ಟು, ಮಡ್‌ಗಾರ್ಡ್, ಬ್ಯಾಟರಿ ಪೆಟ್ಟಿಗೆ, ಟೂಲ್ ಬಾಕ್ಸ್, ಲಿಂಕೇಜಿನ ಸರಪಳಿ, ಟಾಪ್ ಲಿಂಕ್ ಪಿನ್ನು ಎಲ್ಲವನ್ನೂ ಕೈಯಿಂದ ಅಲುಗಾಡಿಸಿ ನೋಡಿ. ಒಂದು ನಿಗದಿತ ವೇಗಕ್ಕೆ ಮಾತ್ರ ಬಂದು, ಅದಕ್ಕಿಂತ ಮೇಲೆ-ಕೆಳಗೆ ಮಾಯವಾಗುವ ‘ಜರ್ರ್’ ಸದ್ದು ಬಹುತೇಕ ಇಂಥ ಸಡಿಲ ತಗಡಿನದೇ.

4. ಗಾಡಿ ನಿಂತಲ್ಲೇ ಇಂಜಿನ್ ಓಡಿಸಿ

ನ್ಯೂಟ್ರಲ್‌ನಲ್ಲಿಟ್ಟು, ಪಿಟಿಒ ಬಿಡಿಸಿ, ತಣ್ಣಗಿನ ಇಂಜಿನ್ ಚಾಲೂ ಮಾಡಿ. ಸ್ಲೋನಲ್ಲಿ ಸ್ವಲ್ಪ ಹೊತ್ತು, ನಡುವಿನ ವೇಗದಲ್ಲಿ ಸ್ವಲ್ಪ ಹೊತ್ತು ಕೇಳಿ, ಆಮೇಲೆ ರೇಸ್ ಕೊಟ್ಟು ಬಿಡಿ. ಸದ್ದು ಇಲ್ಲೇ ಬಂದರೆ ಅದು ಇಂಜಿನ್, ಕ್ಲಚ್ ಅಥವಾ ಗೇರ್‌ಬಾಕ್ಸಿನ ಮುಂದಿನ ಭಾಗದ್ದು. ಬಾರದಿದ್ದರೆ 8ನೇ ಹಂತಕ್ಕೆ ಹೋಗಿ.

ತಾಳವನ್ನೂ ಗಮನಿಸಿ. ಸ್ಲೋನಲ್ಲಿ ಇಂಜಿನ್ ನಿಮಿಷಕ್ಕೆ 700 ಸುತ್ತು ತಿರುಗುತ್ತಿದೆ ಎನ್ನಿ. ಕ್ರ್ಯಾಂಕಿಗೆ ಅಂಟಿಕೊಂಡ ಭಾಗ ಸೆಕೆಂಡಿಗೆ ಹನ್ನೆರಡು ಸಲ ಬಡಿಯಬಹುದು. ಒಂದು ವಾಲ್ವಿನ ಟ್ಯಾಪೆಟ್ ಆರು ಸಲವಷ್ಟೇ. ಒಂದೇ ಸಿಲಿಂಡರಿನ ನಾಜಲ್ ಬಡಿತವೂ ಆರು ಸಲವೇ. ಬಿಡಿಬಿಡಿಯಾಗಿ ಎಣಿಸಬಹುದೆನ್ನಿಸುವ ‘ಟಿಕ್ ಟಿಕ್’ ಇದ್ದರೆ ವಾಲ್ವ್, ನಾಜಲ್ ಕಡೆ ನೋಡಿ. ಎಣಿಸಲಾಗದಷ್ಟು ಒತ್ತೊತ್ತಾಗಿದ್ದರೆ ಕ್ರ್ಯಾಂಕ್, ಫ್ಲೈವೀಲ್, ಪುಲ್ಲಿಗಳತ್ತ. ಇದು ಸುಳಿವು ಮಾತ್ರ, ತೀರ್ಪಲ್ಲ.

5. ಕ್ಲಚ್ ಪೆಡಲ್ ಪರೀಕ್ಷೆ

ಖರ್ಚಿಲ್ಲದ, ಆದರೆ ಬಹಳಷ್ಟು ಹೇಳುವ ಪರೀಕ್ಷೆ ಇದು. ಇಂಜಿನ್ ಸ್ಲೋನಲ್ಲಿರಲಿ, ಗೇರ್ ನ್ಯೂಟ್ರಲ್‌ನಲ್ಲಿರಲಿ.

• ಪೆಡಲಿನ ಸಡಿಲು ಮುಗಿಯುವಷ್ಟು ಮಾತ್ರ ಮೆಲ್ಲಗೆ ಒತ್ತಿ. ಆಗ ‘ಕಿರ್’ ಎಂದು ಶುರುವಾದರೆ ಅದು ಕ್ಲಚ್ ಬೇರಿಂಗ್. ಸಡಿಲು ಮುಗಿಯುವವರೆಗೂ ಅದರ ಮೇಲೆ ಭಾರವಿರುವುದಿಲ್ಲ. ಮುಗಿದ ಕೂಡಲೇ ಬೀಳುತ್ತದೆ.
• ಪೂರ್ತಿ ಒತ್ತಿದಾಗ ಸದ್ದು ನಿಂತು, ಬಿಟ್ಟಾಗ ಮತ್ತೆ ಬಂದರೆ ಗೇರ್‌ಬಾಕ್ಸಿನ ಮುಂದಿನ ಶಾಫ್ಟಿನ ಬೇರಿಂಗ್ ಸವೆದಿದೆ.
• ಪೂರ್ತಿ ಒತ್ತಿ ಗೇರ್ ಹಾಕಿ ಹಿಡಿದಿರುವಾಗ ಮಾತ್ರ ಕೂಗಿದರೆ ಫ್ಲೈವೀಲಿನ ನಡುವೆ ಇರುವ ಪೈಲಟ್ ಬೇರಿಂಗ್. ಆಗ ಫ್ಲೈವೀಲ್ ತಿರುಗುತ್ತಿರುತ್ತದೆ, ಅದರೊಳಗಿನ ಶಾಫ್ಟ್ ನಿಂತಿರುತ್ತದೆ. ಈ ಪರೀಕ್ಷೆಗೆ ಗಾಡಿಯ ಮುಂದೆ-ಹಿಂದೆ ಯಾರೂ ಇರಕೂಡದು.
• ಕ್ಲಚ್ ಏನೇ ಮಾಡಿದರೂ ಸದ್ದು ಬದಲಾಗದಿದ್ದರೆ ದೋಷ ಇಂಜಿನ್ನಿನಲ್ಲೇ ಇದೆ ಎಂದು ಮುಂದೆ ಸಾಗಿ.

6. ಫ್ಯಾನ್ ಬೆಲ್ಟ್ ಬಿಚ್ಚಿ ನೋಡಿ

ಇಂಜಿನ್ ಆಫ್ ಮಾಡಿ, ಬೆಲ್ಟ್ ತೆಗೆದು, ಒಂದು ನಿಮಿಷ ಮಾತ್ರ ಚಾಲೂ ಮಾಡಿ. ನೀರು ತಿರುಗುವುದಿಲ್ಲವಾದ್ದರಿಂದ ಹೆಚ್ಚು ಹೊತ್ತು ಬೇಡ. ಸದ್ದು ಹೋದರೆ ಬಡಪಾಯಿ ಇಂಜಿನ್ ನಿರ್ದೋಷಿ. ದೋಷ ವಾಟರ್ ಪಂಪ್, ಡೈನಮೋ ಅಥವಾ ಬೆಲ್ಟಿನದು. ಪುಲ್ಲಿಗಳನ್ನು ಕೈಯಿಂದ ತಿರುಗಿಸಿ, ಅಲ್ಲಾಡಿಸಿ. ವಾಟರ್ ಪಂಪಿನ ಕೆಳಗಿನ ಸಣ್ಣ ತೂತಿನಿಂದ ನೀರು ಜಿನುಗುತ್ತಿದ್ದರೆ ಅದರ ಸೀಲ್ ಹೋಗಿದೆ, ಬೇರಿಂಗಿಗೂ ಕಾಲ ಬಂದಿದೆ. ಬೆಲ್ಟನ್ನು ಮತ್ತೆ ಹಾಕುವಾಗ ಹೆಬ್ಬೆರಳಿನಿಂದ ಒತ್ತಿದರೆ ಸುಮಾರು ಅರ್ಧ ಇಂಚು ಬಗ್ಗುವಷ್ಟು ಬಿಗಿ ಇದ್ದರೆ ಸಾಕು. ಇದೇ ಹೊತ್ತಿನಲ್ಲಿ ಕ್ರ್ಯಾಂಕ್ ಪುಲ್ಲಿ ಸಡಿಲಾಗಿದೆಯೇ ಎಂದೂ ನೋಡಿ. ಅದರ ಬಡಿತ ಬೇರಿಂಗ್ ಬಡಿತವನ್ನು ಹಾಗೇ ಹೋಲುತ್ತದೆ.

7. ಈಗ ‘ಎಲ್ಲಿ’ ಎಂದು ಹುಡುಕಿ

ಸ್ಕ್ರೂ ಡ್ರೈವರಿನ ತುದಿಯನ್ನು ಇಂಜಿನ್ನಿನ ಮೈಗೆ ಊರಿ, ಹಿಡಿಯನ್ನು ಕಿವಿಯ ಮುಂದಿನ ಎಲುಬಿಗೆ ಒತ್ತಿ. ಟೈಮಿಂಗ್ ಕವರ್, ವಾಲ್ವ್ ಕವರ್, ಬ್ಲಾಕಿನ ಪಕ್ಕ, ಆಯಿಲ್ ಚೇಂಬರ್, ಕ್ಲಚ್ ಹೌಸಿಂಗ್ ಹೀಗೆ ಒಂದೊಂದೇ ಜಾಗ ಕೇಳುತ್ತ ಹೋಗಿ. ಪಕ್ಕಪಕ್ಕದ ಜಾಗಗಳನ್ನು ಹೋಲಿಸುವುದು ಮುಖ್ಯ. ಒಂದೇ ಜಾಗ ಕೇಳಿದರೆ ಎಲ್ಲವೂ ದೋಷದಂತೆಯೇ ಕೇಳುತ್ತದೆ. ಗಾಳಿ ಸೋರುವ ‘ಚಿಸ್’, ‘ಚಫ್’ ಸದ್ದುಗಳಿಗೆ ಸ್ಕ್ರೂ ಡ್ರೈವರ್ ಬೇಡ, ರಬ್ಬರ್ ಪೈಪಿನ ಒಂದು ತುದಿಯನ್ನು ಕಿವಿಗಿಟ್ಟುಕೊಂಡು ಇನ್ನೊಂದು ತುದಿಯನ್ನು ಸುತ್ತ ಆಡಿಸಿ. ಎರಡನ್ನೂ ಫ್ಯಾನಿನಿಂದ ದೂರವಿಡಿ.

8. ಓಡಿಸಿ ನೋಡಿ

ಖಾಲಿ ದಾರಿಯಲ್ಲಿ ಒಂದೊಂದೇ ಗೇರಿನಲ್ಲಿ ಓಡಿಸಿ. ಒಂದೇ ಗೇರಿನಲ್ಲಿ ಸದ್ದು ಬಂದರೆ ಆ ಗೇರಿನ ಹಲ್ಲು. ಎಲ್ಲ ಗೇರಿನಲ್ಲೂ ಬಂದರೆ ಶಾಫ್ಟಿನ ಬೇರಿಂಗ್. ಗೇರ್ ಬದಲಿಸಿದರೂ ಗಾಡಿಯ ವೇಗಕ್ಕೆ ತಕ್ಕಂತೆಯೇ ಏರಿಳಿಯುವ ‘ಗುಂಯ್’ ಸದ್ದು ಕ್ರೌನ್-ಪಿನಿಯನ್ ಅಥವಾ ಆಕ್ಸಲ್ ಬೇರಿಂಗಿನದು. ನೇರ ಹೋಗುವಾಗ ಸುಮ್ಮನಿದ್ದು ತಿರುವಿನಲ್ಲಿ ಮಾತ್ರ ‘ಕಟ್ ಕಟ್’ ಎಂದರೆ ಡಿಫರೆನ್ಷಿಯಲ್ಲಿನ ಸ್ಟಾರ್ ಪಿನಿಯನ್. ನೇರ ದಾರಿಯಲ್ಲಿ ಅವು ತಮ್ಮ ಸುತ್ತ ತಿರುಗುವುದೇ ಇಲ್ಲ, ಎರಡು ಚಕ್ರದ ವೇಗ ಬೇರೆಯಾದಾಗ ಮಾತ್ರ ತಿರುಗುತ್ತವೆ. ಕೆಸರಿನ ಕೆಲಸದ ನಂತರ ಈ ಸದ್ದು ಬಂದಿದ್ದರೆ ಡಿಫರೆನ್ಷಿಯಲ್ ಲಾಕಿನ ಪೆಡಲ್ ಮಣ್ಣು ಕಟ್ಟಿಕೊಂಡು ಕೆಳಗೇ ಕೂತಿದೆಯೇ ಎಂದು ಮೊದಲು ನೋಡಿ. ಬ್ರೇಕ್ ಒತ್ತಿದಾಗ ಮಾತ್ರ ‘ಗರಗರ’ ಎಂದರೆ ಬ್ರೇಕ್ ಲೈನಿಂಗ್. ಮುಂದಿನ ಚಕ್ರದ ಸಂಶಯವಿದ್ದರೆ ಜಾಕ್ ಕೊಟ್ಟು, ಚಕ್ರವನ್ನು ಮೇಲೆ-ಕೆಳಗೆ ಹಿಡಿದು ಅಲ್ಲಾಡಿಸಿ. ಆಟ ಇದ್ದರೆ ಬೇರಿಂಗ್ ಅಥವಾ ಕಿಂಗ್ ಪಿನ್ ಸವೆದಿದೆ.

9. ಹೈಡ್ರಾಲಿಕ್ ಎತ್ತಿ ಇಳಿಸಿ

ಎತ್ತುವಾಗ ಮಾತ್ರ ‘ಸುಂಯ್’ ಎಂದು ಕೂಗಿದರೆ ಪಂಪಿಗೆ ಎಣ್ಣೆ ಸಾಕಷ್ಟು ಸಿಗುತ್ತಿಲ್ಲ. ಎಣ್ಣೆ ಕಡಿಮೆ, ಜಾಲರಿ ಕಟ್ಟಿಕೊಂಡಿದೆ ಅಥವಾ ಎಲ್ಲೋ ಗಾಳಿ ಎಳೆಯುತ್ತಿದೆ. ಎಣ್ಣೆಯಲ್ಲಿ ನೊರೆ ಕಂಡರೆ ಗಾಳಿಯೇ ಕಾರಣ. ತೋಳುಗಳು ತುದಿಗೆ ಏರಿದ ಮೇಲೆ ಬರುವ ‘ಟರ್ರ್’ ಸದ್ದು ಬೇರೆ. ಅದು ರಿಲೀಫ್ ವಾಲ್ವ್ ತೆರೆಯುವ ಸದ್ದು. ಲಿವರನ್ನು ಸ್ವಲ್ಪ ಇಳಿಸಿದರೆ ನಿಲ್ಲುತ್ತದೆ, ಲಿವರಿನ ಹೊಂದಾಣಿಕೆ ಸರಿಪಡಿಸಿದರೆ ಸಾಕು. ಫರ್ಗ್ಯುಸನ್ ವಿನ್ಯಾಸದ ಹಳೆಯ ಮಾದರಿಗಳಲ್ಲಿ ಹೈಡ್ರಾಲಿಕ್ ಪಂಪನ್ನು ತಿರುಗಿಸುವುದು ಪಿಟಿಒ ಶಾಫ್ಟು. ಅಂಥ ಗಾಡಿಯಲ್ಲಿ ಪಿಟಿಒ ಲಿವರ್ ಬಿಡಿಸಿದ ಕೂಡಲೇ ಸದ್ದು ನಿಂತರೆ ಗೇರ್‌ಬಾಕ್ಸನ್ನು ದೂರುವ ಮೊದಲು ಪಂಪನ್ನು ಪರೀಕ್ಷಿಸಿ.

ಇಂಜಿನ್ನಿನದೇ ಎಂದು ಗೊತ್ತಾದ ಮೇಲೆ

ಇಲ್ಲಿ ಅವಸರ ಮಾಡಿದರೆ ಖರ್ಚು ದೊಡ್ಡದು. ಅಗ್ಗದ ಕಾರಣದಿಂದ ದುಬಾರಿ ಕಾರಣದ ಕಡೆಗೆ ಸಾಗಿ.

ಹೊಗೆ ಸೋರಿಕೆ: ಮ್ಯಾನಿಫೋಲ್ಡಿನ ಗ್ಯಾಸ್ಕೆಟ್ ಸೋರಿದರೆ ತಣ್ಣಗಿದ್ದಾಗ ‘ಟಿಕ್ ಟಿಕ್’ ಜೋರಾಗಿದ್ದು, ಕಬ್ಬಿಣ ಕಾದು ಹಿಗ್ಗಿ ಸಂದಿ ಮುಚ್ಚಿದಾಗ ಕಡಿಮೆಯಾಗುತ್ತದೆ. ಟ್ಯಾಪೆಟ್ ಎಂದು ಮೋಸಹೋಗುವುದು ಇದರಲ್ಲೇ. ಸಂದಿಯ ಸುತ್ತ ಕಪ್ಪು ಮಸಿ ಕಟ್ಟಿದ್ದರೆ ಸಾಕ್ಷಿ ಸಿಕ್ಕಂತೆ. ನಾಜಲಿನ ಬುಡದ ತಾಮ್ರದ ವಾಷರ್ ಸೋರಿದರೂ ‘ಚಫ್ ಚಫ್’ ಎನ್ನುತ್ತದೆ.

ಟ್ಯಾಪೆಟ್: ಬಿಡಿಬಿಡಿಯಾದ, ಹಗುರವಾದ, ಇಂಜಿನ್ನಿನ ಮೇಲ್ಭಾಗದ ಸದ್ದು. ಲೋಡ್ ಬಿದ್ದರೂ ಹೆಚ್ಚು ಬದಲಾಗದು. ವಾಲ್ವ್ ಕವರ್ ತೆಗೆದು ರಾಕರ್ ಮೇಲೆ ಆಯಿಲ್ ಬರುತ್ತಿದೆಯೇ ನೋಡಿ. ಒಣಗಿದ್ದರೆ ಆಯಿಲ್ ದಾರಿ ಕಟ್ಟಿದೆ. ಸಂದಿಯನ್ನು ಫೀಲರ್ ಗೇಜಿನಿಂದ ಅಳೆಯಿರಿ. ಹಳೆ ಡೀಸೆಲ್ ಇಂಜಿನ್ನುಗಳಲ್ಲಿ ಸಾಮಾನ್ಯವಾಗಿ 0.25ರಿಂದ 0.40 ಮಿ.ಮೀ. ಒಳಗಿರುತ್ತದೆ. ನಿಮ್ಮ ಮಾದರಿಗೆ ಎಷ್ಟು, ತಣ್ಣಗಿದ್ದಾಗಲೋ ಬಿಸಿಯಿದ್ದಾಗಲೋ ಎಂಬುದನ್ನು ಕೈಪಿಡಿಯೇ ಹೇಳಬೇಕು.

ನಾಜಲ್ ಬಡಿತ: ಗಟ್ಟಿಯಾದ ‘ಟಣ್ ಟಣ್’, ಜೊತೆಗೆ ಕಪ್ಪು ಅಥವಾ ಬಿಳಿ ಹೊಗೆ. ನಾಜಲ್ ಡೀಸೆಲನ್ನು ಮಂಜಿನಂತೆ ಸಿಂಪಡಿಸದೆ ತೊಟ್ಟಿಕ್ಕಿಸುತ್ತಿದ್ದರೆ, ಡೀಸೆಲಿನಲ್ಲಿ ಗಾಳಿ ಸೇರಿದ್ದರೆ, ಪಂಪ್ ಟೈಮಿಂಗ್ ಮುಂದಾಗಿದ್ದರೆ ಹೀಗಾಗುತ್ತದೆ. ಬೆಳಗಿನ ಚಳಿಯಲ್ಲಿ ಚಾಲೂ ಮಾಡಿದಾಗ ಸ್ವಲ್ಪ ಹೊತ್ತು ಇರುವ ಬಡಿತ ಡೀಸೆಲ್ ಇಂಜಿನ್ನಿನ ಸಹಜ ಗುಣ.

ಪಿಸ್ಟನ್: ತಣ್ಣಗಿದ್ದಾಗ ಟೊಳ್ಳು ಬಡಿತ, ಬಿಸಿಯಾದ ಮೇಲೆ ಮಾಯ. ಪಿಸ್ಟನ್ನು, ಸ್ಲೀವು ಸವೆದಿವೆ ಎಂದರ್ಥ. ಆಯಿಲ್ ಸುಡುವುದು, ಬ್ರೀದರಿನಿಂದ ಹೊಗೆ ಬರುವುದು ಜೊತೆಗಿಲ್ಲದಿದ್ದರೆ ಹಂಗಾಮು ಮುಗಿಯುವವರೆಗೆ ಕಾಯಬಹುದು.

ಕನೆಕ್ಟಿಂಗ್ ರಾಡ್ ಬೇರಿಂಗ್: ನಡುವಿನ ವೇಗದಲ್ಲಿ, ಅದರಲ್ಲೂ ರೇಸ್ ಬಿಟ್ಟ ಕ್ಷಣದಲ್ಲಿ ಎದ್ದು ಕೇಳುವ ‘ಕಟ ಕಟ’. ಬಿಸಿಯಾದಷ್ಟೂ ಹೆಚ್ಚುತ್ತದೆ, ಏಕೆಂದರೆ ಬಿಸಿ ಆಯಿಲ್ ತೆಳುವಾಗಿ ಸಂದಿ ತುಂಬಲಾರದು.

ಮೇನ್ ಬೇರಿಂಗ್: ಲೋಡ್ ಬಿದ್ದಾಗ ಇಂಜಿನ್ನಿನ ಬುಡದಿಂದ ಒನಕೆ ಕುಟ್ಟಿದಂಥ ‘ದಡ್ ದಡ್’. ಆಯಿಲ್ ಪ್ರೆಶರೂ ಇಳಿದಿರುತ್ತದೆ. ಫ್ಲೈವೀಲಿನ ಬೋಲ್ಟು ಸಡಿಲಾದರೂ ಇಂಥದೇ ಸದ್ದು ಬರುತ್ತದೆ, ಆದರೆ ಆಗ ಪ್ರೆಶರ್ ಸರಿಯಾಗಿಯೇ ಇರುತ್ತದೆ.

ಟೈಮಿಂಗ್ ಗೇರ್: ಮುಂಭಾಗದಲ್ಲಿ, ಸ್ಲೋನಲ್ಲಿ ಹೆಚ್ಚಾಗಿ ಕೇಳುವ ‘ಕರಕರ’. ಸ್ಕ್ರೂ ಡ್ರೈವರನ್ನು ಟೈಮಿಂಗ್ ಕವರಿಗೆ ಊರಿದರೆ ಸ್ಪಷ್ಟವಾಗುತ್ತದೆ.

ನಾಜಲ್ ಕಟ್ ಮಾಡುವ ಪರೀಕ್ಷೆ

ಮೇಲಿನವುಗಳಲ್ಲಿ ಯಾವುದೆಂದು ಗೊಂದಲವಿದ್ದರೆ ಅನುಭವಿ ಮೆಕ್ಯಾನಿಕರು ಮಾಡುವುದು ಇದನ್ನೇ. ಇಂಜಿನ್ ಸ್ಲೋನಲ್ಲಿರುವಾಗ ಒಂದು ನಾಜಲಿನ ಪೈಪ್ ನಟ್ಟಿಗೆ ದಪ್ಪ ಬಟ್ಟೆ ಸುತ್ತಿ, ಪಾನಾದಿಂದ ಅರ್ಧ ಸುತ್ತು ಸಡಿಲಿಸುತ್ತಾರೆ. ಆ ಸಿಲಿಂಡರಿಗೆ ಡೀಸೆಲ್ ನಿಲ್ಲುತ್ತದೆ, ಅಲ್ಲಿ ಸ್ಫೋಟವಾಗುವುದಿಲ್ಲ, ಪಿಸ್ಟನ್ ಮೇಲಿನ ಒತ್ತಡ ಇಳಿಯುತ್ತದೆ. ಕೈಗವಸು, ಕನ್ನಡಕ ಇಲ್ಲದೆ ಇದನ್ನು ಮಾಡಬೇಡಿ. ಅಭ್ಯಾಸವಿಲ್ಲದಿದ್ದರೆ ಮೆಕ್ಯಾನಿಕ್ಕಿನ ಕೈಯಲ್ಲಿ ಮಾಡಿಸಿ, ನೀವು ಕೇಳಿ.

• ಸದ್ದು ನಿಂತರೆ ಅಥವಾ ತುಂಬ ತಗ್ಗಿದರೆ ಆ ಸಿಲಿಂಡರಿನ ನಾಜಲ್ ಅಥವಾ ರಾಡ್ ಬೇರಿಂಗ್.
• ಯಾವ ಸಿಲಿಂಡರ್ ಕಟ್ ಮಾಡಿದರೂ ಬದಲಾಗದಿದ್ದರೆ ಟ್ಯಾಪೆಟ್, ಟೈಮಿಂಗ್ ಗೇರ್, ಪುಲ್ಲಿ.
• ಕಟ್ ಮಾಡಿದರೂ ಇಂಜಿನ್ನಿನ ವೇಗ ಇಳಿಯದಿದ್ದರೆ ಆ ಸಿಲಿಂಡರ್ ಮೊದಲೇ ಕೆಲಸ ಮಾಡುತ್ತಿರಲಿಲ್ಲ.

ನಾಜಲೋ ಬೇರಿಂಗೋ ಎಂದು ತೀರ್ಮಾನಿಸಲು ಇಂಜಿನ್ ಆಫ್ ಮಾಡಿ, ಆ ನಾಜಲನ್ನು ಪಕ್ಕದ ಸಿಲಿಂಡರಿನದರ ಜೊತೆ ಅದಲು ಬದಲು ಮಾಡಿ, ತಾಮ್ರದ ವಾಷರ್ ಹೊಸದು ಹಾಕಿ. ಸದ್ದು ನಾಜಲಿನ ಜೊತೆ ಪಕ್ಕದ ಸಿಲಿಂಡರಿಗೆ ಹೋದರೆ ತಾಲ್ಲೂಕು ಪೇಟೆಯ ಪಂಪ್-ನಾಜಲ್ ಅಂಗಡಿಯಲ್ಲೇ ಕೆಲಸ ಮುಗಿಯುತ್ತದೆ. ಅಲ್ಲೇ ಉಳಿದರೆ ಮಾತ್ರ ಚೇಂಬರ್ ಇಳಿಸಿ ಬೇರಿಂಗ್ ನೋಡುವ ಮಾತು.

ಸಾಮಾನ್ಯವಾಗಿ ಆಗುವ ತಪ್ಪುಗಳು

1. ದಪ್ಪ ಆಯಿಲ್ ಹಾಕಿ ಸದ್ದು ಮುಚ್ಚುವುದು. ಬೇರಿಂಗಿನ ಸವೆತ ನಿಲ್ಲುವುದಿಲ್ಲ. ಬೆಳಗಿನ ತಣ್ಣನೆ ಹೊತ್ತಿನಲ್ಲಿ ಆಯಿಲ್ ಮೇಲೇರಲು ತಡವಾಗಿ ಸವೆತ ಹೆಚ್ಚುತ್ತದೆ.

2. ಸದ್ದು ನಿಲ್ಲುವವರೆಗೂ ಟ್ಯಾಪೆಟ್ ಬಿಗಿಯುವುದು. ಸಂದಿಯೇ ಇಲ್ಲದಿದ್ದರೆ ಕಾದ ವಾಲ್ವ್ ಪೂರ್ತಿ ಮುಚ್ಚದೆ ಅದರ ಅಂಚು ಸುಡುತ್ತದೆ. ಸಣ್ಣ ‘ಟಿಕ್ ಟಿಕ್’ ಇರುವ ಇಂಜಿನ್ ಅದಕ್ಕಿಂತ ಎಷ್ಟೋ ಮೇಲು.

3. ಕ್ರ್ಯಾಂಕ್ ಅಳೆಯದೆ ಬೇರಿಂಗ್ ಹಾಕುವುದು. ಸವೆದ ಕ್ರ್ಯಾಂಕಿಗೆ ಹೊಸ ಬೇರಿಂಗ್ ಹಾಕಿದರೆ ಸದ್ದು ಬೇಗನೆ ಮರಳುತ್ತದೆ. ಮೈಕ್ರೋಮೀಟರಿನಲ್ಲಿ ಅಳೆಸಿ, ಬೇಕಿದ್ದರೆ ಗ್ರೈಂಡ್ ಮಾಡಿಸಿ, ಅದಕ್ಕೆ ತಕ್ಕ ಸೈಜಿನ ಬೇರಿಂಗ್ ಹಾಕಿಸಿ. ಮೆಕ್ಯಾನಿಕರು ‘ಹತ್ತು ಥೌ’ ಎನ್ನುವುದು 0.25 ಮಿ.ಮೀ. ಸಣ್ಣದಾದ ಅಳತೆಗೆ.

4. ಬೇಕಾಬಿಟ್ಟಿ ಗೇರ್ ಆಯಿಲ್. ಬ್ರೇಕು, ಹೈಡ್ರಾಲಿಕ್ ಎಲ್ಲಕ್ಕೂ ಒಂದೇ ಎಣ್ಣೆ ಬಳಸುವ ಗಾಡಿಗೆ ಬರೀ 90 ನಂಬರ್ ಗೇರ್ ಆಯಿಲ್ ಸುರಿದರೆ ಪಂಪ್ ಕೂಗುತ್ತದೆ, ಬ್ರೇಕ್ ಕಿರುಚುತ್ತದೆ.

5. ಹಳೆ ಎಣ್ಣೆಯನ್ನು ನೋಡದೆ ಚೆಲ್ಲುವುದು. ಡ್ರೈನ್ ಪ್ಲಗ್ಗಿನ ಅಯಸ್ಕಾಂತಕ್ಕೆ ಅಂಟಿದ ನುಣ್ಣನೆ ಬೂದು ಪೇಸ್ಟ್ ಸಹಜ. ಹೊಳೆಯುವ ಚೂರು, ತಾಮ್ರದ ಬಣ್ಣದ ಪುಡಿ, ಹಲ್ಲಿನ ತುಣುಕು ಕಂಡರೆ ಸದ್ದಿಗಿಂತ ದೊಡ್ಡ ಸಾಕ್ಷಿ ಅದೇ.

6. ಸಹಜ ಸದ್ದಿಗೆ ಹೆದರುವುದು. ಹಳೆಯ ಗೇರ್‌ಬಾಕ್ಸಿನ ನೇರ ಹಲ್ಲುಗಳು ಸ್ವಲ್ಪ ಕೂಗುವುದು ಅವುಗಳ ಗುಣ. ಎಚ್‌ಎಂಟಿ 2511ರಂಥ ಎರಡು ಸಿಲಿಂಡರಿನ ಇಂಜಿನ್ ಸ್ಲೋನಲ್ಲಿ ಗುದ್ದುವುದೂ ಹಾಗೆಯೇ. ಮೊದಲಿಂದ ಇದ್ದದ್ದು ದೋಷವಲ್ಲ, ಬದಲಾದದ್ದು ದೋಷ.

ಹಳೆ ಗಾಡಿ ಕೊಳ್ಳುವವರಿಗೂ ಒಂದು ಮಾತು. ನೀವು ಹೋಗುವಷ್ಟರಲ್ಲಿ ಇಂಜಿನ್ ಬಿಸಿಯಾಗಿದ್ದರೆ ಇನ್ನೊಂದು ದಿನ ಬೆಳಿಗ್ಗೆ ಬಂದು, ತಣ್ಣಗಿನ ಇಂಜಿನ್ನನ್ನು ನಿಮ್ಮೆದುರೇ ಚಾಲೂ ಮಾಡಿಸಿ. ಗೇರ್ ಆಯಿಲನ್ನು ಬೆರಳಲ್ಲಿ ಉಜ್ಜಿ ನೋಡಿ. ಸದ್ದಡಗಿಸಲು ಮರದ ಹೊಟ್ಟು ಬೆರೆಸುವುದು ಹಳೆಯ ಮೋಸ.

ಮೆಕ್ಯಾನಿಕ್ಕಿಗೆ ಏನು ಹೇಳಬೇಕು?

‘ಏನೋ ಸದ್ದು ಬರ್ತಿದೆ, ನೋಡಿ’ ಎಂದರೆ ಅವರೂ ಊಹೆಯಿಂದಲೇ ಶುರು ಮಾಡಬೇಕಾಗುತ್ತದೆ. ‘ಬಿಸಿಯಾದ ಮೇಲೆ, ರೇಸ್ ಬಿಟ್ಟಾಗ ಬರುತ್ತೆ. ಕ್ಲಚ್ ಒತ್ತಿದರೆ ಬದಲಾಗಲ್ಲ. ಬೆಲ್ಟ್ ಬಿಚ್ಚಿ ನೋಡಿದೆ, ಹೋಗಲಿಲ್ಲ. ಎರಡನೇ ನಾಜಲ್ ಕಟ್ ಮಾಡಿದರೆ ತಗ್ಗುತ್ತೆ’ ಎಂದು ಹೇಳಿದರೆ ಅರ್ಧ ಕೆಲಸ ಮುಗಿದಿರುತ್ತದೆ. ಡ್ಯಾಶ್‌ಬೋರ್ಡಿನ ಹಳೆ ಮುಳ್ಳನ್ನು ನಂಬದೆ ಬೇರೆ ಗೇಜ್ ಹಾಕಿ ಆಯಿಲ್ ಪ್ರೆಶರ್ ನೋಡಲು ಕೇಳಿ. ಬಿಚ್ಚಿದ ಸಾಮಾನನ್ನು ನಿಮಗೆ ತೋರಿಸಲು, ತಮ್ಮಲ್ಲೇ ಇಟ್ಟುಕೊಳ್ಳದೆ ವಾಪಸ್ ಕೊಡಲು ಮೊದಲೇ ಹೇಳಿ. ಒಳ್ಳೆಯ ಮೆಕ್ಯಾನಿಕ್ ಇದಕ್ಕೆ ಬೇಸರ ಮಾಡಿಕೊಳ್ಳುವುದಿಲ್ಲ.

ಕೊನೆಯದಾಗಿ, ಗಾಡಿ ಸರಿಯಿರುವಾಗಲೇ ಅದರ ಸದ್ದನ್ನು ಮೊಬೈಲಿನಲ್ಲಿ ಹಿಡಿದಿಡಿ: ತಣ್ಣಗಿದ್ದಾಗ ಸ್ಲೋನಲ್ಲಿ ಒಂದು, ಬಿಸಿಯಾದ ಮೇಲೆ ಒಂದು, ಹೈಡ್ರಾಲಿಕ್ ಎತ್ತುವಾಗ ಒಂದು. ಡ್ರೈವರ್ ಬದಲಾದರೂ, ಗಾಡಿ ಮಗನ ಕೈಗೆ ಹೋದರೂ ಹೋಲಿಸಲು ಒಂದು ಅಳತೆ ಉಳಿದಿರುತ್ತದೆ. ಹೊಸ ಸದ್ದು ಕೇಳಿದ ದಿನವೇ ಈ ಹಂತಗಳನ್ನು ಮಾಡಿ ಮುಗಿಸಿ. ಎಣ್ಣೆ, ನಟ್ಟು, ಬೆಲ್ಟು, ಕ್ಲಚ್ಚು, ನಾಜಲು ಇವಿಷ್ಟೂ ನಿರ್ದೋಷಿ ಎಂದು ತಿಳಿಯುವ ತನಕ ಇಂಜಿನ್ ಬಿಚ್ಚಲು ಒಪ್ಪಬೇಡಿ.